ಅಚ್ಚು ಡಚ್ಚರದು, ನಂಬಿಕೆ ಊರವರದು

ಹಳೆಯ ನಾಣ್ಯಗಳು ಕೈಬದಲಾಗುವ ಯಾವ ಊರಿಗೆ ಹೋದರೂ ಒಂದು ಪುಟ್ಟ ತಾಮ್ರದ ಬಿಲ್ಲೆ ಕಣ್ಣಿಗೆ ಬೀಳುತ್ತದೆ. ಅಗಲ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು, ತೂಕ ಮೂರು ಗ್ರಾಮಿನ ಆಸುಪಾಸು. ಒಂದು ಮುಖದಲ್ಲಿ ಕಿರೀಟ ಹೊತ್ತ ಗುರಾಣಿ, ಗುರಾಣಿಯೊಳಗೆ ಸಿಂಹ. ಇನ್ನೊಂದು ಮುಖದಲ್ಲಿ ದೊಡ್ಡದೊಂದು ‘ವಿ’ ಅಕ್ಷರ, ಅದರ ಎರಡು ತೋಳುಗಳಿಗೆ ಹೆಣೆದುಕೊಂಡ ‘ಓ’ ಮತ್ತು ‘ಸಿ’, ಕೆಳಗೆ ಇಸವಿ. ರಾಜನ ಮುಖವಿಲ್ಲ, ದೇವರ ಹೆಸರಿಲ್ಲ, ದೇಶದ ಹೆಸರೂ ಇಲ್ಲ. ಇರುವುದು ಒಂದು ವ್ಯಾಪಾರಿ ಕಂಪನಿಯ ಗುರುತು. ಡಚ್ ಈಸ್ಟ್ ಇಂಡಿಯಾ ಕಂಪನಿ, ಅಂದರೆ ವಿಓಸಿ, ಹೊರಡಿಸಿದ ‘ಡೊಯ್ಟ್’ ಇದು. ಡಚ್ಚರ ವಸಾಹತು ಹಣವನ್ನು ಕೂಡಿಡಲು ಹೊರಟವರು ಬಹುಪಾಲು ಇದರಿಂದಲೇ ಶುರುಮಾಡುತ್ತಾರೆ. ಸುಲಭವಾಗಿ ಸಿಗುತ್ತದೆ, ಜೇಬಿಗೂ ಭಾರವಲ್ಲ.

ಅಲ್ಲಿಂದ ಮುಂದಕ್ಕೆ ಹಾದಿ ಕವಲೊಡೆಯುತ್ತದೆ. ಬ್ರೆಜಿಲಿನ ಚೌಕಾಕಾರದ ಚಿನ್ನ, ಸುರಿನಾಮಿನ ಗಿಳಿ ನಾಣ್ಯ, ಸಿಂಹಳದ ತಾಮ್ರದ ಸರಳು, ನಾಗಪಟ್ಟಣದ ವರಾಹ, ಜಾವಾದ ವಯಾಂಗ್ ನೋಟು ಎಲ್ಲವೂ ಈ ಸಂಗ್ರಹದೊಳಗೆ ಬರುತ್ತವೆ. ಸುಮಾರು ಮೂರೂವರೆ ಶತಮಾನಗಳ ಈ ಹಣವನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಮನದಟ್ಟಾಗುತ್ತದೆ. ಹಣಕ್ಕೆ ಅಚ್ಚು ಒತ್ತುವ ಅಧಿಕಾರ ಆಳುವವರಿಗಿತ್ತು. ಆದರೆ ಆ ಹಣ ಓಡಬೇಕಾದರೆ ಅದನ್ನು ಕೈಯೊಡ್ಡಿ ತೆಗೆದುಕೊಳ್ಳುವವರು ಒಪ್ಪಬೇಕಿತ್ತು. ಆ ಒಪ್ಪಿಗೆಗಾಗಿ ಡಚ್ಚರು ಪದೇಪದೇ ಊರಿನ ದೇವರಿಗೆ, ಊರಿನ ಲಿಪಿಗೆ, ಊರಿನ ಎಣಿಕೆಗೆ ಮಣಿದರು. ಆ ಮಣಿತದ ಗುರುತುಗಳನ್ನು ಓದುವುದೇ ಈ ಸಂಗ್ರಹದ ನಿಜವಾದ ಸುಖ ಎಂದು ನಾನು ನಂಬಿದ್ದೇನೆ.

ಕಂಪನಿಯ ಕಾಸು

ವಿಓಸಿ ಹುಟ್ಟಿದ್ದು 1602ರಲ್ಲಿ. ಆಮ್‌ಸ್ಟರ್‌ಡಾಮ್, ಮಿಡಲ್‌ಬರ್ಗ್, ಡೆಲ್ಫ್ಟ್, ರಾಟರ್‌ಡಾಮ್, ಹೋರ್ನ್, ಎನ್‌ಕೌಸೆನ್ ಎಂಬ ಆರು ಊರುಗಳ ಶಾಖೆಗಳು ಸೇರಿ ಕಟ್ಟಿದ ಕಂಪನಿ ಅದು. ಯುದ್ಧ ಸಾರುವ, ಒಪ್ಪಂದ ಮಾಡಿಕೊಳ್ಳುವ, ಕೋಟೆ ಕಟ್ಟುವ ಹಕ್ಕುಗಳು ಅದಕ್ಕಿದ್ದವು. ಆದರೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ಪೂರ್ವಕ್ಕೆ ಸಾಗಿಸಿದ್ದು ಹೆಚ್ಚಾಗಿ ಯುರೋಪಿನ ಬೆಳ್ಳಿಯನ್ನು, ಸ್ಪೇನಿನವರ ಅಮೆರಿಕದ ಗಣಿಗಳಿಂದ ಬಂದ ರಿಯಾಲುಗಳನ್ನು. ತನ್ನದೇ ಗುರುತಿನ ತಾಮ್ರದ ಡೊಯ್ಟ್ ಒತ್ತಿಸಲು ಅದು ಶುರುಮಾಡಿದ್ದು 1726ರಲ್ಲಿ.

ಅದಕ್ಕೆ ಕಾರಣ ಕಳ್ಳಸಾಗಣೆ. ತಾಯ್ನಾಡಿನಲ್ಲಿ 8 ಡೊಯ್ಟ್‌ಗೆ ಒಂದು ಸ್ಟೈವರ್, 20 ಸ್ಟೈವರ್‌ಗೆ ಒಂದು ಗುಲ್ಡನ್. ಅದೇ ಡೊಯ್ಟ್‌ಗೆ ಪೂರ್ವದ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಸಿಗುತ್ತಿತ್ತು. ಹಡಗಿನ ನೌಕರರು ಚಿಲ್ಲರೆಯನ್ನು ಗಂಟುಕಟ್ಟಿ ಒಯ್ದು ಲಾಭ ಮಾಡಿಕೊಳ್ಳತೊಡಗಿದರು. ಆ ಲಾಭ ತನ್ನ ಕೈತಪ್ಪಬಾರದೆಂದು ಕಂಪನಿ ತನ್ನ ಚಿಹ್ನೆಯ ನಾಣ್ಯ ಮಾತ್ರ ಅಲ್ಲಿ ಸಲ್ಲಬೇಕು ಎಂದಿತು. ಹಾಗಾಗಿ ಈ ನಾಣ್ಯ ತಯಾರಾಗುತ್ತಿದ್ದದ್ದು ನೆದರ್ಲೆಂಡ್ಸಿನಲ್ಲಿ, ಓಡಾಡುತ್ತಿದ್ದದ್ದು ಏಷ್ಯಾದಲ್ಲಿ.

1794ರವರೆಗೂ ಒತ್ತಿದ ಈ ಡೊಯ್ಟ್‌ಗಳನ್ನು ಪ್ರಾಂತ್ಯದ ಲಾಂಛನ ನೋಡಿ ವಿಂಗಡಿಸುವುದು ರೂಢಿ. ಹಾಲೆಂಡಿನದಾದರೆ ಒಂಟಿ ಸಿಂಹ. ವೆಸ್ಟ್ ಫ್ರೀಸ್‌ಲೆಂಡಿನದಾದರೆ ಒಂದರ ಮೇಲೊಂದು ಎರಡು ಸಿಂಹ. ಜೀಲೆಂಡಿನದಾದರೆ ಅಲೆಗಳ ನಡುವಿನಿಂದ ಅರ್ಧ ಮೇಲೆದ್ದ ಸಿಂಹ. ಉಟ್ರೆಕ್ಟಿನದಾದರೆ ಗುರಾಣಿಯನ್ನು ಎರಡೂ ಕಡೆಯಿಂದ ಹಿಡಿದು ನಿಂತ ಸಿಂಹಗಳು. ಪ್ರತಿ ಪ್ರಾಂತ್ಯದ ಪ್ರತಿ ಇಸವಿಯನ್ನೂ ಹುಡುಕುವುದಕ್ಕೇ ಜೀವಮಾನ ಮೀಸಲಿಟ್ಟವರಿದ್ದಾರೆ. ಇಲ್ಲೊಂದು ಎಚ್ಚರ ಬೇಕು. 1790 ಎಂಬ ಇಸವಿ ಹೊತ್ತ ಉಟ್ರೆಕ್ಟ್ ಲಾಂಛನದ ಡೊಯ್ಟ್‌ಗಳಲ್ಲಿ ಒಂದಷ್ಟು ನಿಜಕ್ಕೂ 1840ರ ದಶಕದಲ್ಲಿ ಒತ್ತಿದವು. ಕಂಪನಿ 1799ರ ಕೊನೆಗೇ ಮುಗಿದುಹೋಗಿತ್ತು. ಆದರೆ ಜನ ಆ ಹಳೆಯ ಚಿಹ್ನೆಗೆ ಒಗ್ಗಿದ್ದರು. ಹಾಗಾಗಿ ಡಚ್ ಸರಕಾರ, ಸತ್ತ ಕಂಪನಿಯ ಗುರುತನ್ನೇ ಮತ್ತೆ ತಾಮ್ರದ ಮೇಲೆ ಒತ್ತಿತು.

ಇನ್ನೊಂದು ಎಚ್ಚರ ಅಮೆರಿಕದ ಮಾರಾಟಗಾರರಿಗೆ ಸಂಬಂಧಿಸಿದ್ದು. ಅಲ್ಲಿ ವಿಓಸಿ ಡೊಯ್ಟನ್ನು ‘ನ್ಯೂಯಾರ್ಕ್ ಪೆನ್ನಿ’ ಎಂದು ಹೆಸರಿಟ್ಟು ಮಾರುವುದುಂಟು. ನ್ಯೂಯಾರ್ಕ್ ಡಚ್ಚರ ನ್ಯೂ ಆಮ್‌ಸ್ಟರ್‌ಡಾಮ್ ಆಗಿದ್ದದ್ದು ನಿಜ. ಆದರೆ ಅದು 1621ರಲ್ಲಿ ಹುಟ್ಟಿದ ವೆಸ್ಟ್ ಇಂಡಿಯಾ ಕಂಪನಿಯ ವಶದಲ್ಲಿತ್ತು, ಮತ್ತು 1664ರಲ್ಲೇ ಇಂಗ್ಲಿಷರ ಪಾಲಾಯಿತು. ವಿಓಸಿ ಡೊಯ್ಟ್ ಹುಟ್ಟುವ ಹೊತ್ತಿಗೆ ಆರು ದಶಕ ಕಳೆದಿತ್ತು. ಇಸವಿಯನ್ನು ಗಮನವಿಟ್ಟು ಓದಿದರೆ ಇಂಥ ಕಟ್ಟುಕಥೆ ಅಲ್ಲಿಗೇ ಬಿದ್ದುಹೋಗುತ್ತದೆ.

ವರಾಹದ ಹಾದಿಯಲ್ಲಿ

ಕನ್ನಡಿಗರಿಗೆ ಈ ಸಂಗ್ರಹದ ಅತಿ ಹತ್ತಿರದ ಅಧ್ಯಾಯ ಚೋಳಮಂಡಲ ಕರಾವಳಿಯದು. ಡಚ್ಚರು ಪುಲಿಕಾಟ್‌ನಲ್ಲಿ ನೆಲೆಯೂರಿದ್ದು ವಿಜಯನಗರದ ಅರವೀಡು ದೊರೆ ವೆಂಕಟಪತಿರಾಯನ ಒಪ್ಪಿಗೆ ಪಡೆದು. 1613ರ ಹೊತ್ತಿಗೆ ಅಲ್ಲಿ ಗೆಲ್ಡ್ರಿಯಾ ಕೋಟೆ ಎದ್ದಿತು. 1658ರಲ್ಲಿ ಪೋರ್ಚುಗೀಸರಿಂದ ನಾಗಪಟ್ಟಣ ಕಿತ್ತುಕೊಂಡರು, 1690ರಲ್ಲಿ ಕರಾವಳಿಯ ಮುಖ್ಯಕಚೇರಿಯನ್ನೇ ಅಲ್ಲಿಗೆ ಒಯ್ದರು. ಎರಡೂ ಕಡೆ ಟಂಕಸಾಲೆ ನಡೆಸಿದರು.

ಆ ಟಂಕಸಾಲೆಗಳಿಂದ ಹೊರಬಂದ ಚಿನ್ನದ ನಾಣ್ಯ ನೋಡಿದರೆ ಯುರೋಪಿನ ಸುಳಿವೇ ಕಾಣುವುದಿಲ್ಲ. ಒಂದು ಬದಿಯಲ್ಲಿ ದೇವರ ಮೂರ್ತಿ, ಇನ್ನೊಂದು ಬದಿ ಉಬ್ಬಿಕೊಂಡು ಕಾಳುಕಾಳಾಗಿ ಚುಕ್ಕಿಗಳಿಂದ ತುಂಬಿದ್ದು. ವಿಜಯನಗರ ನೆಲೆಗೊಳಿಸಿದ ವರಾಹದ ತೂಕ ಮತ್ತು ರೂಪವನ್ನು ಅದು ಹಿಂಬಾಲಿಸುತ್ತದೆ. ಮೂರ್ತಿಪೂಜೆಯನ್ನು ಕಟುವಾಗಿ ನಿರಾಕರಿಸುವ ಕ್ಯಾಲ್ವಿನ್ ಪಂಥದವರು ತಮ್ಮದೇ ಕುಲುಮೆಯಲ್ಲಿ ಹಿಂದೂ ದೇವರ ಮೂರ್ತಿಯನ್ನು ಚಿನ್ನದ ಮೇಲೆ ಒತ್ತಿಸಿದರು. ಯಾಕೆಂದರೆ ಆ ಕರಾವಳಿಯ ನೇಕಾರನಾಗಲಿ, ಬಟ್ಟೆಯ ವರ್ತಕನಾಗಲಿ, ಶರಾಫನಾಗಲಿ ಬೇರೆ ಮುಖದ ಚಿನ್ನವನ್ನು ವಟ್ಟ ಕಡಿಯದೆ ತೆಗೆದುಕೊಳ್ಳುತ್ತಿರಲಿಲ್ಲ. ವಿಜಯನಗರದ ಸಿಂಹಾಸನ ಕುಸಿದ ಮೇಲೂ ಅದರ ವರಾಹದ ಮಾತು ನಡೆಯುತ್ತಿತ್ತು. ನಾಗಪಟ್ಟಣದ ತಾಮ್ರದ ಕಾಸುಗಳಲ್ಲೂ ಇದೇ ನೀತಿ: ಒಂದು ಬದಿಯಲ್ಲಿ ದೇವಿ, ಇನ್ನೊಂದು ಬದಿಯಲ್ಲಿ ತಮಿಳಿನಲ್ಲಿ ಊರಿನ ಹೆಸರು.

ನಮ್ಮ ಕರಾವಳಿಗೂ ಅವರು ಬಂದಿದ್ದರು. ಕೆಳದಿ ನಾಯಕರ ಆಳ್ವಿಕೆಯ ಬಸರೂರಿನಲ್ಲಿ ಅಕ್ಕಿ, ಮೆಣಸಿಗಾಗಿ ಡಚ್ಚರು ವ್ಯಾಪಾರ ನಡೆಸಿದರು. ಅಲ್ಲಿ ದೊಡ್ಡ ವ್ಯವಹಾರಕ್ಕೆ ಸಲ್ಲುತ್ತಿದ್ದದ್ದು ಇಕ್ಕೇರಿ ವರಾಹ. 1663ರಲ್ಲಿ ವಶವಾದ ಕೊಚ್ಚಿಯಲ್ಲಿ ಶಂಖದ ಗುರುತಿನ ಸಣ್ಣ ಬೆಳ್ಳಿ ಪುತ್ತನ್ ಚಲಾವಣೆಯಲ್ಲಿತ್ತು. ಹೀಗೆ ದಕ್ಷಿಣ ಭಾರತದ ಡಚ್ ನಾಣ್ಯ ಹುಡುಕುವವರು ಮೊದಲು ದಕ್ಷಿಣ ಭಾರತದ ನಾಣ್ಯವನ್ನೇ ಕಲಿಯಬೇಕು. ವರಾಹ, ಹಣ, ಕಾಸುಗಳ ಪರಿಚಯವಿರುವ ಕನ್ನಡದ ಸಂಗ್ರಾಹಕರಿಗೆ ಈ ಕಲಿಕೆಯ ಅರ್ಧ ದಾರಿ ಆಗಲೇ ಸವೆದಿರುತ್ತದೆ.

ಆದರೆ ಪುಲಿಕಾಟ್‌ನಿಂದ ಹೊರಟದ್ದು ಬಟ್ಟೆ ಮಾತ್ರ ಎಂದುಕೊಂಡರೆ ಇತಿಹಾಸಕ್ಕೆ ಮೋಸ ಮಾಡಿದಂತೆ. ಬರಗಾಲ, ಯುದ್ಧಗಳ ಕಾಲದಲ್ಲಿ ಅದೇ ಕರಾವಳಿಯಿಂದ ಸಾವಿರಾರು ಜನರನ್ನು ಗುಲಾಮರನ್ನಾಗಿ ಕೊಂಡು ಹಡಗೇರಿಸಿ ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಾಕ್ಕೆ ಒಯ್ದರು. ದೇವರ ಮೂರ್ತಿಯ ಚಿನ್ನ ಆ ಲೆಕ್ಕದಲ್ಲೂ ಕೈಬದಲಾಗಿದೆ. ಇದನ್ನು ಮರೆತು ನಾಣ್ಯದ ಹೊಳಪನ್ನಷ್ಟೇ ಹೊಗಳಲು ನನಗೆ ಮನಸ್ಸಿಲ್ಲ.

ತಾಮ್ರದ ತುಂಡು, ಇಸ್ಪೀಟಿನ ಎಲೆ

ಕಂಪನಿಗೆ ಕೊರತೆಯ ಕಾಲ ಬಂದಾಗಲೆಲ್ಲ ವಿಚಿತ್ರ ಹಣ ಹುಟ್ಟಿದೆ. ಸಂಗ್ರಾಹಕರು ಕಣ್ಣರಳಿಸಿ ನೋಡುವುದು ಇವನ್ನೇ. ಜಪಾನಿನಲ್ಲಿ ವ್ಯಾಪಾರ ಮಾಡಲು ಅನುಮತಿಯಿದ್ದ ಏಕೈಕ ಯುರೋಪಿಯನ್ನರು ಡಚ್ಚರು. ನಾಗಸಾಕಿಯ ದೆಜಿಮಾ ಎಂಬ ಪುಟ್ಟ ದ್ವೀಪದಿಂದ ಅವರು ತಾಮ್ರದ ಸರಳುಗಳನ್ನು ತರುತ್ತಿದ್ದರು. ಸಿಂಹಳದಲ್ಲಿ ಚಿಲ್ಲರೆ ಸಾಲದೆ ಬಂದಾಗ, 1785ರಲ್ಲಿ, ಆ ಸರಳಿನ ತುಂಡುಗಳಿಗೇ ಕಂಪನಿಯ ಮುದ್ರೆ ಹಾಕಿ ನಾಲ್ಕು ಮುಕ್ಕಾಲು ಸ್ಟೈವರ್ ಎಂದು ಬೆಲೆ ಕಟ್ಟಿದರು. ಆ ತುಂಡಿನಲ್ಲಿದ್ದ ತಾಮ್ರದ ಬೆಲೆ ಅಷ್ಟಾಗುತ್ತಿತ್ತು, ಅದಕ್ಕೇ ಆ ಮುರುಕು ಸಂಖ್ಯೆ. 1796ರ ಬಳಿಕ ಜಾವಾದಲ್ಲೂ ಇದೇ ಬಗೆಯಲ್ಲಿ ಸರಳು ಕತ್ತರಿಸಿ ‘ಬಾಂಕ್’ ಎಂಬ ದಪ್ಪ ತುಂಡು ನಾಣ್ಯ ಮಾಡಿದರು. ಅಂಚು ಒರಟು, ಆಕಾರ ಸೊಟ್ಟ. ಆದರೂ ಜಪಾನಿನ ಗಣಿ, ಡಚ್ಚರ ಹಡಗು, ಜಾವಾದ ಸಂತೆ ಮೂರೂ ಒಂದೇ ತುಂಡಿನಲ್ಲಿ ಕೂಡಿವೆ.

ಬಟಾವಿಯಾದಲ್ಲಿ 18ನೇ ಶತಮಾನದ ನಡುವಿನಲ್ಲಿ ಒತ್ತಿದ ಚಿನ್ನ ಮತ್ತು ಬೆಳ್ಳಿಯ ನಾಣ್ಯಗಳಲ್ಲಿ ಬರಹವೆಲ್ಲ ಅರಬ್ಬಿ ಲಿಪಿಯಲ್ಲಿದೆ. ಒಂದು ಬದಿ ‘ಡಚ್ ಕಂಪನಿಯ ದಿರ್ಹಮ್’ ಎನ್ನುತ್ತದೆ, ಇನ್ನೊಂದು ಬದಿ ‘ಮಹಾ ಜಾವಾ ದ್ವೀಪಕ್ಕೆ’ ಎನ್ನುತ್ತದೆ. ಮುಸ್ಲಿಂ ಜಾವಾದ ವರ್ತಕನ ಕಣ್ಣಿಗೆ ಪರಿಚಿತವಾಗಿರಲಿ ಎಂಬುದೇ ಇದರ ಹಿಂದಿನ ಲೆಕ್ಕಾಚಾರ.

ಅಟ್ಲಾಂಟಿಕ್ ಕಡೆಯ ಕಥೆ ಇನ್ನೂ ಇಕ್ಕಟ್ಟಿನದು. ಬ್ರೆಜಿಲಿನ ರೆಸಿಫೆಯಲ್ಲಿ ಪೋರ್ಚುಗೀಸ್ ವಸಾಹತುಗಾರರು ದಂಗೆಯೆದ್ದು ಮುತ್ತಿದಾಗ, ಸೈನಿಕರಿಗೆ ಸಂಬಳ ಕೊಡಲು ವೆಸ್ಟ್ ಇಂಡಿಯಾ ಕಂಪನಿ 1645 ಮತ್ತು 1646ರಲ್ಲಿ ಚೌಕಾಕಾರದ ಚಿನ್ನದ ನಾಣ್ಯ ಒತ್ತಿತು. ಅವು 3, 6 ಮತ್ತು 12 ಗುಲ್ಡನ್ ಬೆಲೆಯವು. ಬ್ರೆಜಿಲಿನ ನೆಲದಲ್ಲಿ ತಯಾರಾದ ಮೊದಲ ನಾಣ್ಯಗಳಿವು. ಸುರಿನಾಮಿನಲ್ಲಿ ಸಕ್ಕರೆಯೇ ಹಣವಾಗಿದ್ದ ಕಾಲದಲ್ಲಿ, 1679ರಲ್ಲಿ, ಕೊಂಬೆಯ ಮೇಲೆ ಕೂತ ಗಿಳಿಯ ಚಿತ್ರದ ತಾಮ್ರದ ನಾಣ್ಯ ಬಂತು. ಅಕ್ಷರ ಬಾರದವರೂ ಬೆಲೆ ತಿಳಿಯಲೆಂದು ಕೊಂಬೆಯ ಎಲೆಗಳ ಎಣಿಕೆಯಲ್ಲೇ ಬೆಲೆಯ ಸೂಚನೆ ಇತ್ತು. ಅದೇ ಸುರಿನಾಮಿನಲ್ಲಿ 1761ರಿಂದ ಇಸ್ಪೀಟಿನ ಎಲೆಗಳಿಗೆ ಮುದ್ರೆ ಒತ್ತಿ ಹಣವಾಗಿ ಓಡಿಸಿದರು. ಆಫ್ರಿಕದ ಕೇಪ್‌ನಲ್ಲಿ 1782ರಲ್ಲಿ, ಇಂಗ್ಲಿಷರೊಡನೆ ಯುದ್ಧ ನಡೆದು ಹಡಗುಗಳು ಬಾರದೆ ಹೋದಾಗ, ಕೈಬರಹದ ಕಾಗದದ ಹಣ ಹೊರಬಂತು. ಸುರಿನಾಮಿನ ಎಲೆಗಳೂ ಕೇಪ್‌ನ ಚೀಟಿಗಳೂ ತೀರ ವಿರಳ. ಹೆಚ್ಚಿನವರಿಗೆ ಅವು ವಸ್ತುಸಂಗ್ರಹಾಲಯದಲ್ಲಿ ನೋಡಿ ಬರುವ ವಸ್ತುಗಳು.

ಒಂದೇ ನಾಣ್ಯ, ಮೂರು ಲಿಪಿ

ಕಂಪನಿ ಹೋಗಿ ಸರಕಾರ ಬಂದ ಮೇಲೆ ಜಾವಾದ ರೈತರ ಪಾಲಿಗೆ ಬಂದದ್ದು ತಾಮ್ರದ ರಾಶಿ. 1830ರಿಂದ ಜಾರಿಯಾದ ಬಲವಂತದ ಬೇಸಾಯದ ಪದ್ಧತಿಯಲ್ಲಿ ರೈತರು ಕಾಫಿ, ಸಕ್ಕರೆ, ನೀಲಿ ಬೆಳೆದುಕೊಡಬೇಕಿತ್ತು. ಅವರಿಗೆ ಸಿಗುತ್ತಿದ್ದ ಹಣ ಹೆಚ್ಚಾಗಿ ತಾಮ್ರದ್ದು, ಬೆಳ್ಳಿ ದ್ವೀಪದಿಂದ ಹೊರಗೆ ಹರಿಯುತ್ತಿತ್ತು. ಸವೆದು ಸವೆದು ಅಕ್ಷರ ಅಳಿಸಿದ ಆ ಕಾಲದ ತಾಮ್ರದ ನಾಣ್ಯಗಳನ್ನು ‘ಸ್ಥಿತಿ ಚೆನ್ನಾಗಿಲ್ಲ’ ಎಂದು ಬದಿಗೆ ಸರಿಸುವವರಿದ್ದಾರೆ. ನನಗೆ ಅವುಗಳ ಮೇಲೆ ಹೆಚ್ಚು ಗೌರವ. ಅಷ್ಟು ಸವೆಯಬೇಕಾದರೆ ಎಷ್ಟು ಬೆವರಿದ ಕೈಗಳನ್ನು ಅವು ದಾಟಿರಬೇಕು.

1854ರ ನಾಣ್ಯ ಕಾನೂನು ಈ ಗೊಂದಲಕ್ಕೆ ತೆರೆ ಎಳೆಯಿತು. ಅಲ್ಲಿಂದ ಬಂದ ತಾಮ್ರದ ಅರ್ಧ, ಒಂದು, ಎರಡೂವರೆ ಸೆಂಟ್ ಹಾಗೂ ಬೆಳ್ಳಿಯ ಕಾಲು, ಹತ್ತನೇ ಒಂದು ಗುಲ್ಡನ್ ಸಂಗ್ರಾಹಕರ ಆಲ್ಬಮ್ಮಿನ ಬೆನ್ನೆಲುಬು. ಇವುಗಳ ಒಂದು ಮುಖ ಡಚ್ ಭಾಷೆಯಲ್ಲಿ ಮಾತಾಡುತ್ತದೆ. ಇನ್ನೊಂದು ಮುಖದಲ್ಲಿ ಅರಬ್ಬಿ ಲಿಪಿಯ ಮಲಯ್ ಮತ್ತು ಜಾವಾ ಲಿಪಿ. ಡಚ್ ಬದಿಯಲ್ಲಿ ಗುಲ್ಡನ್‌ನ ಭಾಗವಾಗಿರುವ ಬೆಳ್ಳಿ, ಆ ಬದಿಯಲ್ಲಿ ರುಪಿಯಾದ ಭಾಗ. ಸ್ವತಂತ್ರ ಇಂಡೊನೇಷ್ಯಾ ತನ್ನ ಹಣಕ್ಕೆ ರುಪಿಯಾ ಎಂದು ಹೆಸರಿಡುವ ಮೊದಲೇ, ಸುಮಾರು ಒಂದು ಶತಮಾನ ಕಾಲ, ಆಳುವವರ ನಾಣ್ಯವೇ ಆ ಹೆಸರನ್ನು ಹೊತ್ತು ತಿರುಗಿತ್ತು.

ಇವನ್ನು ಓದಲು ಭೂತಗನ್ನಡಿ ಬೇಕು. ಉಟ್ರೆಕ್ಟ್ ಟಂಕಸಾಲೆಯ ಗುರುತು ಹಾವು ಸುತ್ತಿದ ದಂಡ. ಅದರ ಜೊತೆ ಆಯಾ ಕಾಲದ ಟಂಕಸಾಲೆಯ ಮುಖ್ಯಸ್ಥನ ಗುರುತೂ ಇರುತ್ತದೆ: 1909ರಿಂದ 1933ರವರೆಗೆ ಕಡಲ್ಗುದುರೆ, ಆಮೇಲೆ ದ್ರಾಕ್ಷಿ ಗೊಂಚಲು. ಇನ್ನು 1940ರಲ್ಲಿ ನೆದರ್ಲೆಂಡ್ಸ್ ಹಿಟ್ಲರನ ಸೇನೆಯ ವಶವಾಯಿತು, ಉಟ್ರೆಕ್ಟ್ ಕೈತಪ್ಪಿತು. ವಸಾಹತುಗಳ ನಾಣ್ಯ ಅಮೆರಿಕದ ಫಿಲಡೆಲ್ಫಿಯಾ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಅಚ್ಚಾಗತೊಡಗಿತು. ಆ ಊರುಗಳ ಹೆಸರಿನ ಮೊದಲಕ್ಷರ ನಾಣ್ಯದ ಮೇಲೆ ಕಾಣುತ್ತದೆ, ಹಲವದರಲ್ಲಿ ಜೊತೆಗೊಂದು ತಾಳೆಮರವೂ ಇದೆ. ಸಾಸಿವೆ ಗಾತ್ರದ ಆ ಗುರುತು ಮಹಾಯುದ್ಧದ ದಾಖಲೆ.

ನೋಟಿನ ಮೇಲಿನ ರಾಜಕೀಯ

ಜಾವಾ ಬ್ಯಾಂಕ್ ಸ್ಥಾಪನೆಯಾದದ್ದು 1828ರಲ್ಲಿ, ಬಟಾವಿಯಾದಲ್ಲಿ. ಅದರ ನೋಟುಗಳ ಬಹುಪಾಲು ಮುದ್ರಣವಾದದ್ದು ಹಾರ್ಲೆಮ್ ಪಟ್ಟಣದ ಹಳೆಯ ಮುದ್ರಣಾಲಯ ಎನ್ಸ್‌ಖೆಡೆಯಲ್ಲಿ. ಸಂಗ್ರಾಹಕರು ಅತಿ ಹೆಚ್ಚು ಬೆನ್ನುಹತ್ತುವ ಎರಡು ಸರಣಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಪಾಠವೇ ತೆರೆದುಕೊಳ್ಳುತ್ತದೆ.

1925ರಿಂದ ಬಂದ ಸರಣಿಯಲ್ಲಿ ಯಾನ್ ಪೀಟರ್‌ಸೋನ್ ಕೂನ್‌ನ ಚಿತ್ರವಿದೆ. 1619ರಲ್ಲಿ ಬಟಾವಿಯಾ ಕಟ್ಟಿದ ಗವರ್ನರ್ ಜನರಲ್ ಅವನು. 1621ರಲ್ಲಿ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಬಾಂಡಾ ದ್ವೀಪಗಳ ಜನರನ್ನು ಕೊಲ್ಲಿಸಿ, ಓಡಿಸಿ, ಗುಲಾಮರನ್ನಾಗಿಸಿ ದ್ವೀಪಗಳನ್ನೇ ಬರಿದು ಮಾಡಿದವನೂ ಅವನೇ. ಮುನ್ನೂರು ವರ್ಷಗಳ ಬಳಿಕ ಅದೇ ಮುಖವನ್ನು ಅದೇ ದ್ವೀಪಸಮೂಹದ ಜನರ ಕೈಗೆ ಹಣವಾಗಿ ಕೊಟ್ಟರು. 1930ರ ದಶಕದಲ್ಲಿ ಸರಣಿ ಬದಲಾಯಿತು. ಜಾವಾದ ರಂಗಪರಂಪರೆಯ ಕಿರೀಟಧಾರಿ ವಯಾಂಗ್ ನರ್ತಕರು ನೋಟಿನ ಮೇಲೆ ಬಂದರು. ಮಹಾಭಾರತ, ರಾಮಾಯಣಗಳನ್ನು ಆಡುವ ಆ ವೇಷಭೂಷಣವನ್ನು ಯಕ್ಷಗಾನ ಬಲ್ಲ ನಮ್ಮ ಕಣ್ಣು ಥಟ್ಟನೆ ನೆಂಟರೆಂದು ಗುರುತಿಸುತ್ತದೆ. ನೋಟಿನ ಹಿಂಬದಿಯಲ್ಲಿ ಖೋಟಾ ನೋಟು ಮಾಡಿದವರಿಗೆ ಕಾದಿರುವ ಶಿಕ್ಷೆಯನ್ನು ಡಚ್, ಜಾವಾ, ಅರಬ್ಬಿ, ಚೀನೀ ನಾಲ್ಕೂ ಲಿಪಿಗಳಲ್ಲಿ ಸಾರಿದರು. ಯಾರ ಯಾರ ಕೈಗೆ ಆ ಹಣ ಹೋಗುತ್ತದೆಂಬ ಪಟ್ಟಿ ಅದರಲ್ಲೇ ಇದೆ.

ಮುಂದಿನ ಎಂಟು ವರ್ಷಗಳ ನೋಟುಗಳು ಅಧಿಕಾರ ಹೇಗೆ ಕೈಬದಲಾಯಿತೆಂಬುದನ್ನು ಒಂದೊಂದಾಗಿ ಹೇಳುತ್ತವೆ. 1942ರಲ್ಲಿ ಬಂದ ಜಪಾನಿ ಸೇನೆ ಮೊದಲು ಹೊರಡಿಸಿದ ಹಣದ ಮೇಲೆ ‘ಜಪಾನ್ ಸರಕಾರ’ ಎಂದು ಬರೆದದ್ದು ಡಚ್ ಭಾಷೆಯಲ್ಲಿ, ಲೆಕ್ಕ ಗುಲ್ಡನ್‌ನಲ್ಲಿ. ಗೆದ್ದವರೂ ಸೋತವರ ಭಾಷೆಯ ನೆರವಿಲ್ಲದೆ ಹಣ ಓಡಿಸಲಾರದೆ ಹೋದರು. ರಾಣಿ ವಿಲ್ಹೆಲ್ಮಿನಾಳ ಚಿತ್ರದೊಡನೆ 1943ರ ಇಸವಿ ಹಾಕಿ ಅಮೆರಿಕದಲ್ಲಿ ಅಚ್ಚು ಮಾಡಿಸಿದ ನೋಟುಗಳನ್ನು ಡಚ್ಚರು ಯುದ್ಧಾನಂತರ ತಂದರು. ಸ್ವಾತಂತ್ರ್ಯ ಸಾರಿದ್ದ ಹೊಸ ಇಂಡೊನೇಷ್ಯಾ ಗಣರಾಜ್ಯ ಅವನ್ನು ಒಪ್ಪದೆ, 1946ರ ಅಕ್ಟೋಬರ್ 30ರಂದು ತನ್ನದೇ ಹಣ ‘ಓರಿ’ಯನ್ನು ಬಿಡುಗಡೆ ಮಾಡಿತು. ಮುದ್ರಣ ಸಾಧಾರಣ, ಕಾಗದ ಒರಟು. ಆದರೂ ಜನ ಅದನ್ನು ತಮ್ಮದೆಂದು ಎತ್ತಿಕೊಂಡರು. ನೂರಾರು ವರ್ಷ ಊರವರ ನಂಬಿಕೆಯನ್ನು ಎರವಲು ಪಡೆದು ನಡೆದ ಹಣಕ್ಕೆ ಎದುರಾಗಿ, ಆ ನಂಬಿಕೆಯೇ ಈಗ ಸ್ವತಃ ಅಚ್ಚು ಒತ್ತಿತ್ತು.

ಕೊನೆಯ ಅಂಕ 1950ರ ಮಾರ್ಚ್ 19ರದು. ಹಣಕಾಸು ಸಚಿವ ಶಫ್ರುದ್ದೀನ್ ಪ್ರವೀರನೆಗಾರ ಅವರ ಆದೇಶದಂತೆ 5 ಗುಲ್ಡನ್ ಮತ್ತು ಅದಕ್ಕಿಂತ ಹೆಚ್ಚಿನ ಡಚ್ ನೋಟುಗಳನ್ನು ಜನ ಕತ್ತರಿಯಿಂದ ಎರಡು ತುಂಡು ಮಾಡಬೇಕಾಯಿತು. ಎಡಭಾಗ ಅರ್ಧ ಬೆಲೆಗೆ ಚಲಾವಣೆಯಲ್ಲಿ ಉಳಿಯಿತು, ಬಲಭಾಗಕ್ಕೆ ಸರಕಾರಿ ಸಾಲಪತ್ರ ಸಿಕ್ಕಿತು. ಹಣದುಬ್ಬರ ತಗ್ಗಿಸುವ ಆ ಕ್ರಮದಿಂದ ಉಳಿದ ಅರ್ಧ ನೋಟುಗಳನ್ನು ಇಂದು ಸಂಗ್ರಾಹಕರು ಮುತುವರ್ಜಿಯಿಂದ ಕಾಪಾಡುತ್ತಾರೆ. ಹರಿದ ನೋಟು ಸಂಗ್ರಹಕ್ಕೆ ಲಾಯಕ್ಕಲ್ಲ ಎಂಬ ನಿಯಮಕ್ಕೆ ಇದೊಂದು ಅಪವಾದ. ಜಾವಾ ಬ್ಯಾಂಕ್ 1953ರಲ್ಲಿ ಬ್ಯಾಂಕ್ ಇಂಡೊನೇಷ್ಯಾ ಆಯಿತು. ಜಕಾರ್ತಾದ ಅದರ ಹಳೆಯ ಕಟ್ಟಡದಲ್ಲಿ ಈಗ ಹಣದ ವಸ್ತುಸಂಗ್ರಹಾಲಯವಿದೆ.

ಕೂಡಿಡುವವರ ಕರ್ತವ್ಯ

ಈ ಹಣದ ಒಂದು ಪಾಲು ಕಡಲ ತಳದಿಂದ ಬಂದದ್ದು. 1735ರಲ್ಲಿ ಜೀಲೆಂಡಿನ ಬಳಿ ಮುಳುಗಿದ ‘ಫ್ಲೀಗೆಂಟ್ ಹಾರ್ಟ್’, 1740ರಲ್ಲಿ ಇಂಗ್ಲೆಂಡಿನ ಕೆಂಟ್ ತೀರದಾಚೆ ಮುಳುಗಿದ ‘ರೋಸ್‌ವೈಕ್’ ಹಡಗುಗಳ ಬೆಳ್ಳಿ ಪ್ರಸಿದ್ಧ. ರೋಸ್‌ವೈಕ್‌ನಲ್ಲಿ ಸಿಕ್ಕ ಕೆಲವು ನಾಣ್ಯಗಳಿಗೆ ತೂತುಗಳಿವೆ. ನಾವಿಕರು ಅವನ್ನು ಬಟ್ಟೆಗೆ ಹೊಲಿದುಕೊಂಡು ಗುಟ್ಟಾಗಿ ಸಾಗಿಸುತ್ತಿದ್ದರು ಎಂಬುದಕ್ಕೆ ಅದು ಸಾಕ್ಷಿ. ಯಾವ ಹಡಗಿನ ಯಾವ ಭಾಗದಲ್ಲಿ ಸಿಕ್ಕಿತು ಎಂಬ ದಾಖಲೆ ಇದ್ದುದರಿಂದಲೇ ಈ ಸಂಗತಿ ತಿಳಿಯಿತು. ಆ ದಾಖಲೆ ಇಲ್ಲದೆ ಕೈಗೆ ಬಂದ ಅದೇ ನಾಣ್ಯ ಬರಿಯ ತೂತು ಬಿದ್ದ ಬೆಳ್ಳಿ. ಆದ್ದರಿಂದ ಹಡಗಿನ ನಾಣ್ಯ ಕೊಳ್ಳುವವರು ಅದು ಕಾನೂನುಬದ್ಧ ಶೋಧನೆಯಿಂದ ಬಂದದ್ದೆಂಬ ಪತ್ರ ಕೇಳಲೇಬೇಕು.

ನಮ್ಮ ದೇಶದಲ್ಲೂ ಕಾನೂನು ಸ್ಪಷ್ಟವಾಗಿದೆ. ನೆಲದಲ್ಲಿ ಹುದುಗಿದ್ದು ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅನುಮತಿಯಿಲ್ಲದೆ ಅದನ್ನು ವಿದೇಶಕ್ಕೆ ಒಯ್ಯುವಂತಿಲ್ಲ.

ಕೈಗೆ ಬಂದ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿಸುವ ಆಸೆಯನ್ನು ಹತ್ತಿಕ್ಕಬೇಕು. ತಾಮ್ರದ ಮೇಲೆ ಕಾಲ ಕಟ್ಟಿದ ಕಂದು ಪದರವೇ ಅದರ ರಕ್ಷಾಕವಚ, ಅದರ ಪ್ರಾಯದ ಪುರಾವೆಯೂ ಹೌದು. ಅಗ್ಗದ ಮೆತ್ತನೆ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತಾಮ್ರಕ್ಕೆ ಹಸಿರು ಜಿಡ್ಡು ಕೂರುತ್ತದೆ, ಪಾಲಿಯೆಸ್ಟರ್ ಹಾಳೆಯ ಹೊದಿಕೆ ಒಳ್ಳೆಯದು. ನೋಟಿಗೆ ಲ್ಯಾಮಿನೇಷನ್ ಬೇಡ, ಅಂಟುಪಟ್ಟಿಯಂತೂ ಬೇಡವೇ ಬೇಡ. ಕೊಳ್ಳುವ ಮುನ್ನ ತೂಗಿ, ಅಳೆದು, ಅಂಚು ನೋಡಬೇಕು. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಕೂಡುಗೆರೆ, ಮೈಮೇಲೆ ಸೂಜಿಮೊನೆಯಂಥ ಕುಳಿಗಳು ಕಾಣುತ್ತವೆ. ಗುರುತಿಸಲು ಸ್ಕೋಲ್ಟನ್ ಎಂಬ ವಿದ್ವಾಂಸರು 1953ರಲ್ಲಿ ಪ್ರಕಟಿಸಿದ, ಡಚ್ ಸಾಗರೋತ್ತರ ಪ್ರದೇಶಗಳ ನಾಣ್ಯಗಳ ಸೂಚಿಯನ್ನು ಸಂಗ್ರಾಹಕರು ಇಂದಿಗೂ ಬಳಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬರೆದಿಡುವುದು. ಎಲ್ಲಿ ಸಿಕ್ಕಿತು, ಯಾವಾಗ ಕೊಂಡದ್ದು, ಹಿಂದೆ ಯಾರ ಮನೆಯಲ್ಲಿತ್ತು, ಅದರ ಜೊತೆ ಬೇರೇನು ಸಿಕ್ಕಿತ್ತು ಎಂಬ ನಾಲ್ಕು ಸಾಲು ಪ್ರತಿ ನಾಣ್ಯಕ್ಕೂ ಇರಲಿ. ಇಸವಿಗಳ ಪಟ್ಟಿ ತುಂಬಿಸುವುದು ಒಂದು ದಾರಿ. ಅದಕ್ಕಿಂತ ಹಿರಿದಾದ ದಾರಿ, ಪ್ರತಿಯೊಂದು ನಾಣ್ಯವನ್ನೂ ಒಂದು ಪ್ರಶ್ನೆ ಕೇಳುವುದು: ಇದನ್ನು ಒತ್ತಿದವರು ಯಾರನ್ನು ಒಪ್ಪಿಸಲು ಹೊರಟಿದ್ದರು? ಗಿಳಿಗೂ ವರಾಹಕ್ಕೂ ವಯಾಂಗ್ ನರ್ತಕನಿಗೂ ಆ ಒಂದೇ ಪ್ರಶ್ನೆ ಸಲ್ಲುತ್ತದೆ. ಉತ್ತರ ಹುಡುಕುತ್ತ ಹೋದವರಿಗೆ ಕಂಪನಿಯ ದಫ್ತರಗಳಲ್ಲಿ ಹೆಸರಿಲ್ಲದೆ ಹೋದ ನೇಕಾರರು, ರೈತರು, ನಾವಿಕರು, ಗುಲಾಮರು ಎದುರಾಗುತ್ತಾರೆ. ಅವರ ಲೆಕ್ಕವೂ ಸೇರಿದಾಗಲೇ ಸಂಗ್ರಹ ಪೂರ್ತಿಯಾಗುತ್ತದೆ.